ವ್ರತಕ್ಕೆ ಪ್ರಯೋಗಶಾಲೆಯ ಸಾಕ್ಷಿ ಬೇಕೆ?

ಏಕಾದಶಿ ಸಮೀಪಿಸಿದಂತೆ ನಮ್ಮಲ್ಲಿ ಅನೇಕರ ಮೊಬೈಲಿಗೆ ಒಂದು ಸಂದೇಶ ಬರುತ್ತದೆ. ಉಪವಾಸದಿಂದ ರೋಗಗಳು ನಾಶವಾಗುವುವೆಂದು ತೋರಿಸಿಕೊಟ್ಟ ಜಪಾನಿನ ವಿಜ್ಞಾನಿಗೆ ನೊಬೆಲ್ ಪಾರಿತೋಷಕ ದೊರೆಯಿತೆಂಬುದು ಅದರ ಸಾರ. ನಾವು ಓದಿ ಹಿಗ್ಗುತ್ತೇವೆ. ಒಡನೆಯೇ ಬಂಧುಗಳಿಗೂ ಕಳುಹಿಸುತ್ತೇವೆ.

ಡೊಂಬಿವಲಿಯಲ್ಲಿ ನೆಲೆಸಿರುವ ನಮ್ಮ ಪರಿಚಿತ ಹಿರಿಯರೊಬ್ಬರು ಮಧುಮೇಹಿಗಳು. ವೈದ್ಯರ ಸಲಹೆಯಂತೆ ಏಕಾದಶಿಯಂದು ಹಾಲು, ಹಣ್ಣು ಸ್ವೀಕರಿಸುತ್ತಿದ್ದವರು, ಈ ಸಂದೇಶವನ್ನು ನಂಬಿ ಒಮ್ಮೆ ಪೂರ್ಣ ನಿರಾಹಾರರಾಗಿದ್ದರು. ಮಾತ್ರೆಯನ್ನು ಎಂದಿನಂತೆಯೇ ನುಂಗಿದರು. ದ್ವಾದಶಿಯ ಬೆಳಗಿನ ಜಾವ ಮೈ ಬೆವರಿ, ಕೈ ನಡುಗಿ, ಮಾತು ತೊದಲಿತು. ಸೊಸೆ ಸಕ್ಕರೆಯ ನೀರನ್ನು ಕುಡಿಸಿದ್ದರಿಂದ ಚೇತರಿಸಿಕೊಂಡರು. ಆ ಸಂದೇಶವನ್ನು ಅವರಿಗೆ ಕಳುಹಿಸಿದವರಲ್ಲಿ ನಾವೂ ಒಬ್ಬರು.

ಯೋಶಿನೋರಿ ಓಸುಮಿಯವರಿಗೆ 2016ರಲ್ಲಿ ಪಾರಿತೋಷಕ ದೊರೆತದ್ದು ಸತ್ಯವೇ. ಜೀವಕೋಶವು ತನ್ನ ಜೀರ್ಣಗೊಂಡ ಭಾಗಗಳನ್ನು ತಾನೇ ಕರಗಿಸಿ ಮರಳಿ ಬಳಸುವ ಕ್ರಮವನ್ನು ಅವರು ವಿವರಿಸಿದರು. ಆದರೆ ಅವರು ಅದನ್ನು ಕಂಡದ್ದು ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟಿನಲ್ಲಿ. ಅದಕ್ಕೆ ಪೋಷಣೆಯನ್ನು ತಪ್ಪಿಸಿ ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿದರು. ಮನುಷ್ಯನು ಎಷ್ಟು ಹೊತ್ತು ಉಪವಾಸವಿದ್ದರೆ ಯಾವ ರೋಗ ಗುಣವಾದೀತೆಂಬುದನ್ನು ಆ ಪ್ರಯೋಗಗಳು ಅಳೆಯಲೇ ಇಲ್ಲ.

ಶ್ರೀಮದಾಚಾರ್ಯರು ಪ್ರಮಾಣಲಕ್ಷಣದಲ್ಲಿ ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರಕ್ಕೂ ನಿರ್ದೋಷತ್ವವನ್ನೇ ಲಕ್ಷಣವಾಗಿ ಹೇಳಿದ್ದಾರೆ. ಯಾರು ಬರೆದರೆಂದು ತಿಳಿಯದೆ ಕೈಯಿಂದ ಕೈಗೆ ಬಂದ ಮಾತು ನಿರ್ದೋಷವಾದ ಶಬ್ದವೆ? ಯೀಸ್ಟಿನಿಂದ ಎಪ್ಪತ್ತು ವರ್ಷದ ಮಧುಮೇಹಿಯವರೆಗೆ ಒಂದೇ ನೆಗೆತಕ್ಕೆ ಹಾರುವ ತರ್ಕ ನಿರ್ದೋಷವಾದ ಯುಕ್ತಿಯೆ? ಶಾಸ್ತ್ರದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವ ನಾವು ಆರೋಗ್ಯದ ವಿಷಯದಲ್ಲಿ ಏಕೆ ಸಡಿಲರಾಗುತ್ತೇವೆ? ಕೇಳಲು ಹಿತವಾದುದನ್ನು ಪರೀಕ್ಷಿಸಲು ಮನಸ್ಸು ಬಾರದಿರುವುದೇ ಕಾರಣ.

ಇಲ್ಲಿ ಇನ್ನೊಂದು ಅಪಾಯವೂ ಉಂಟು. ಹರಿವಾಸರವನ್ನು ನಾವು ಆಚರಿಸುವುದು ಶ್ರೀಹರಿಯ ಪ್ರೀತಿಗಾಗಿ, ಜೀವಕೋಶದ ಶುದ್ಧಿಗಾಗಿ ಅಲ್ಲ. ವಿಜ್ಞಾನದ ನಿರ್ಣಯಗಳು ಹೊಸ ಸಾಕ್ಷ್ಯ ಬಂದಂತೆ ಬದಲಾಗುತ್ತವೆ. ಅದು ವಿಜ್ಞಾನದ ದೋಷವಲ್ಲ, ಗುಣ. ಆದರೆ ವ್ರತವನ್ನು ಅದರ ಮೇಲೆ ನಿಲ್ಲಿಸಿದರೆ, ನಾಳೆ ನಿರ್ಣಯ ಬದಲಾದಾಗ ನಮ್ಮ ಮಕ್ಕಳು ವ್ರತವನ್ನೇ ಬಿಟ್ಟಾರು.

ದೇಹದ ವಿಚಾರವನ್ನಾದರೋ ದೇಹವನ್ನು ಬಲ್ಲವರಲ್ಲಿಯೇ ಕೇಳಬೇಕು. ಈ ಪ್ರಯೋಗ ಯಾರ ಮೇಲೆ ನಡೆಯಿತು? ಅಳೆದದ್ದು ಏನನ್ನು? ನನ್ನ ವಯಸ್ಸಿಗೂ ರೋಗಕ್ಕೂ ಅದು ಅನ್ವಯಿಸುವುದೆ? ಈ ಮೂರು ಪ್ರಶ್ನೆಗಳನ್ನು ವೈದ್ಯರ ಮುಂದಿಟ್ಟು, ಉಪವಾಸದ ದಿನ ಮಾತ್ರೆ ಅಥವಾ ಇನ್ಸುಲಿನ್ ಎಷ್ಟಿರಬೇಕೆಂದು ಮೊದಲೇ ತಿಳಿದುಕೊಳ್ಳುವುದು ಕರ್ತವ್ಯ. ಅಶಕ್ತರಿಗೆ ಹಾಲು, ಹಣ್ಣುಗಳ ಅನುಕಲ್ಪವನ್ನು ಹಿರಿಯರೇ ಹೇಳಿದ್ದಾರೆ. ಅದನ್ನು ಸ್ವೀಕರಿಸುವುದರಲ್ಲಿ ಭಕ್ತಿಗೆ ಕುಂದಿಲ್ಲ.

ಆ ಹಿರಿಯರು ಈಗ ಏಕಾದಶಿಯಂದು ಹಾಲು ಸ್ವೀಕರಿಸಿಯೇ ಪಾರಾಯಣಕ್ಕೆ ಕೂಡುತ್ತಾರೆ. ನಾವು ಸಂದೇಶಗಳನ್ನು ಕಳುಹಿಸುವ ಮುನ್ನ ಎರಡು ಸಲ ಓದುತ್ತೇವೆ. ಶ್ರೀಹರಿವಾಯುಗುರುಗಳು ನಮ್ಮೆಲ್ಲರಿಗೂ ಈ ವಿವೇಕವನ್ನು ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು.