ಕಾಣದ ಅತಿಥಿಗೆ ಸಲ್ಲುವ ಉಪಚಾರ

ನಾವು ಅರ್ಪಿಸಿದುದನ್ನು ಮೃತರು ಅರಿಯುವರೋ ಇಲ್ಲವೋ ಎಂಬ ಸಂಶಯವುಳ್ಳವನು ಅವರ ಸೇವೆಯನ್ನು ಮಾಡಬಹುದೇ? ಮಾಡಿದರೆ ಅದು ನಿಜವಾದ ಸೇವೆಯೋ, ಲೋಕದ ಕಣ್ಣಿಗಾಗಿ ನಡೆಸಿದ ಆಡಂಬರವೋ? ಚೀನಾ ದೇಶದ ಪ್ರಾಚೀನರು ಈ ಪ್ರಶ್ನೆಯನ್ನು ಬಹುಕಾಲ ಚರ್ಚಿಸಿರುವರು. ಅವರ ಅಭಿಪ್ರಾಯಗಳನ್ನು ಸಂಗ್ರಹವಾಗಿ ಪರಿಶೀಲಿಸೋಣ.

ಚೀನೀಯರ ನಂಬಿಕೆಯಂತೆ ಮನುಷ್ಯನಲ್ಲಿ ಎರಡು ಬಗೆಯ ಚೈತನ್ಯಗಳುಂಟು. ಲಘುವಾದ 'ಹುನ್' ಮರಣಾನಂತರ ಮೇಲಕ್ಕೇರುವುದು. ದೇಹಕ್ಕಂಟಿದ 'ಪೋ' ಮಣ್ಣಿಗಿಳಿಯುವುದು. ಸಂತತಿಯ ಸೇವೆಯನ್ನು ಪಡೆದ ಮೃತನು ಪೂರ್ವಜನೆನಿಸಿ ಕುಲವನ್ನು ಕಾಯುವನು. ಸೇವೆ ಮಾಡುವವರಿಲ್ಲದವನು ಹಸಿದ ಪ್ರೇತವಾಗಿ ಅಲೆಯುವನು. ಆದುದರಿಂದಲೇ ಪೂರ್ವಜರ ಹೆಸರುಳ್ಳ ಮರದ ಫಲಕಗಳನ್ನು ಮನೆಯಲ್ಲಿಟ್ಟು ಪೂಜಿಸುವ, ಏಪ್ರಿಲ್ 5ರ ಆಸುಪಾಸಿನ 'ಚಿಂಗ್‌ಮಿಂಗ್' ದಿನ ಸಮಾಧಿಗಳನ್ನು ಗುಡಿಸುವ, ಕಾಗದದ ಹಣವನ್ನು ಸುಡುವ ಆಚಾರಗಳು ಬಳಕೆಗೆ ಬಂದವು. 2008ರಿಂದ ಚಿಂಗ್‌ಮಿಂಗ್ ಚೀನಾದಲ್ಲಿ ಸಾರ್ವಜನಿಕ ರಜಾದಿನವೂ ಆಗಿದೆ. ಏಳನೆಯ ಚಾಂದ್ರಮಾಸದ 15ನೆಯ ದಿನದಂದು ಅನಾಥ ಪ್ರೇತಗಳಿಗೂ ಅನ್ನವನ್ನಿಡುವರು. ಆ ಹಬ್ಬದ ಕಥೆಯಲ್ಲಿ ಬರುವ ಮುಲ್ಯೆನ್ ಭಾರತದ ಮೌದ್ಗಲ್ಯಾಯನನೇ. ಪ್ರೇತಳಾಗಿ ಹಸಿದಿದ್ದ ತಾಯಿಗೆ ಆತನಿತ್ತ ಅನ್ನವು ಬಾಯಿ ಸೇರುವ ಮೊದಲೇ ಕೆಂಡವಾಯಿತೆಂದು ಆ ಕಥೆ ಹೇಳುತ್ತದೆ.

ಸಂಶಯವಾದಿಗಳೂ ಅಲ್ಲಿ ಇದ್ದರು. ಪ್ರೇತವನ್ನು ಕಂಡವರೆಲ್ಲರೂ ವಸ್ತ್ರ ಧರಿಸಿದ ರೂಪವನ್ನೇ ವರ್ಣಿಸುವರು. ಮನುಷ್ಯನಿಗೆ ಚೈತನ್ಯವಿರಲಿ, ವಸ್ತ್ರಕ್ಕೆ ಅದು ಎಲ್ಲಿಂದ ಬಂದಿತು? ಎಂದು ಕ್ರಿ.ಶ. ಮೊದಲನೆಯ ಶತಮಾನದ ವಾಂಗ್ ಚುಂಗ್ ಆಕ್ಷೇಪಿಸಿದನು. ಅವನಿಗಿಂತ ಬಹು ಹಿಂದಿನವನಾದ ಮೋತ್ಸುವಿನ ಆಕ್ಷೇಪವು ಇದಕ್ಕೆ ವಿರುದ್ಧವಾದುದು. ಪ್ರೇತಗಳಿಲ್ಲವೆನ್ನುತ್ತ ಅವುಗಳ ಪೂಜಾವಿಧಿಯನ್ನು ಕಲಿಯುವುದು, ಅತಿಥಿಯೇ ಇಲ್ಲದೆ ಅತಿಥಿಸತ್ಕಾರವನ್ನು ಕಲಿತಂತೆ ಎಂಬುದು ಅವನ ವಾದ. ಕ್ರಿ.ಪೂ. ಮೂರನೆಯ ಶತಮಾನದ ಶುನ್‌ತ್ಸು ಮಾತ್ರ, ವಿಧಿಗಳು ಮೃತರ ಸ್ಮರಣೆಗೂ ದುಃಖಕ್ಕೂ ಯೋಗ್ಯವಾದ ರೂಪವನ್ನು ಕೊಡುವ ಮನುಷ್ಯಧರ್ಮವೆಂದನು.

ಕ್ರಿ.ಪೂ. ಮೊದಲನೆಯ ಶತಮಾನದಲ್ಲಿ ಲ್ಯೂ ಶಿಯಾಂಗ್ ಸಂಗ್ರಹಿಸಿದ ಪ್ರಸಂಗವೊಂದು ಇಲ್ಲಿ ಮನನೀಯ. ಮೃತರಿಗೆ ಅರಿವುಂಟೇ ಎಂದು ಶಿಷ್ಯನು ಕೇಳಲು, ಕನ್‌ಫ್ಯೂಷಿಯಸ್ ನಿರ್ಣಯವನ್ನು ಹೇಳಲಿಲ್ಲ. ಉಂಟೆಂದರೆ ಸುಪುತ್ರರು ಬದುಕನ್ನು ಕೆಡಿಸಿಕೊಂಡು ಸತ್ತವರ ಹಿಂದೆ ಹೋಗುವರು. ಇಲ್ಲವೆಂದರೆ ಕುಪುತ್ರರು ತಂದೆತಾಯಿಗಳನ್ನು ಸಂಸ್ಕಾರವಿಲ್ಲದೆ ತ್ಯಜಿಸುವರು ಎಂಬುದು ಅವನ ಭೀತಿ.

ನಮಗೆ ತೋರುವುದಿಷ್ಟು. ಹೆತ್ತವರ ಋಣವು ಅವರು ಬದುಕಿದ್ದಾಗಲೇ ಉಂಟಾದುದು. ನಾವು ತೀರಿಸುವುದನ್ನು ಅವರು ಕಾಣುವರೋ ಇಲ್ಲವೋ ಎಂಬುದರಿಂದ ಋಣವು ಇಲ್ಲವಾಗದು. ಆದುದರಿಂದ ಸಂಶಯವು ಕರ್ತವ್ಯತ್ಯಾಗಕ್ಕೆ ನೆಪವಾಗಲಾರದು. ಪ್ರೇತವು ಪೀಡಿಸೀತೆಂಬ ಭಯದಿಂದಿಟ್ಟ ಅನ್ನವಾದರೋ ಸೇವೆಯಲ್ಲ, ಲಂಚ. ಇನ್ನು ಮೋತ್ಸುವಿನ ಪ್ರಶ್ನೆಯು ನಾಸ್ತಿಕರಿಗೆ ಮಾತ್ರ ಮೀಸಲಲ್ಲ. ಅತಿಥಿಯು ಬಂದಿರುವನೆಂದು ದೃಢವಾಗಿ ನಂಬಿಯೂ, ಆತನ ಕಡೆ ಗಮನವಿಲ್ಲದೆ ಗಡಿಯಾರವನ್ನು ನೋಡುತ್ತ ಉಪಚಾರವನ್ನು ಮುಗಿಸುವವನಿಗೆ ಅದು ಇನ್ನೂ ತೀಕ್ಷ್ಣವಾಗಿ ತಗಲುತ್ತದೆ.