ಕೇಡಿನ ವಾರ್ತೆಯೂ ಶ್ರಾವಕನ ಶ್ರದ್ಧೆಯೂ

ಪ್ರಾತಃಕಾಲದ ಜಿನದರ್ಶನಕ್ಕೆ ಮುನ್ನವೇ ಇಂದು ಬಹುಮಂದಿ ಶ್ರಾವಕರ ಕೈಗೆ ವೃತ್ತಪತ್ರಿಕೆಯೋ ಮೊಬೈಲೋ ಬಂದಿರುತ್ತದೆ. ಕೊಲೆ, ವಂಚನೆ, ಯುದ್ಧ, ಲಂಚಗಳ ಸುದ್ದಿಯನ್ನು ಓದಿ ಮುಗಿಸುವಷ್ಟರಲ್ಲಿ, “ಇದು ಪಂಚಮಕಾಲ, ಮನುಷ್ಯಜಾತಿಯೇ ಕೆಟ್ಟಿತು” ಎಂಬ ನಿಟ್ಟುಸಿರು ಹೊರಡುತ್ತದೆ. ಇದು ವೈರಾಗ್ಯದಂತೆ ತೋರುತ್ತದೆ. ಆದರೆ ಇದು ನಿಜವಾಗಿ ವೈರಾಗ್ಯವೋ, ವೈರಾಗ್ಯದ ವೇಷ ತೊಟ್ಟ ಕಷಾಯವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ವಾರ್ತೆ ಸುಳ್ಳೆಂದು ಹೇಳುವಂತಿಲ್ಲ. ಆದರೆ ಅದು ಒಂದು ನಯ ಮಾತ್ರ. ಸುಟ್ಟ ಮನೆ ವಾರ್ತೆಯಾಗುತ್ತದೆ. ಸುಡದೆ ಉಳಿದ ಸಾವಿರ ಮನೆಗಳು ವಾರ್ತೆಯಾಗುವುದಿಲ್ಲ. ಅಂಶವನ್ನೇ ಪೂರ್ಣವೆಂದು ಹಿಡಿದಾಗ ನಯವು ದುರ್ನಯವಾಗುತ್ತದೆಯೆಂಬುದು ಅನೇಕಾಂತದ ಎಚ್ಚರಿಕೆ.

ಪೋಲಿಯೊ ರೋಗದ ವೃತ್ತಾಂತವನ್ನು ನೋಡಬಹುದು. 2009ರಲ್ಲಿ ಭಾರತದಲ್ಲಿ 741 ಪ್ರಕರಣಗಳಿದ್ದವು. ಜಗತ್ತಿನ ಒಟ್ಟು ಪ್ರಕರಣಗಳಲ್ಲಿ ಅವು ಅರ್ಧಕ್ಕೆ ಸಮೀಪ. ಸಹಜ ವೈರಾಣುವಿನಿಂದಾದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡಿತು. 2014ರ ಮಾರ್ಚ್ 27ರಂದು ಪೋಲಿಯೊ ಮುಕ್ತಿಯ ಪ್ರಮಾಣಪತ್ರ ದೊರೆಯಿತು. ಇದರ ಹಿಂದೆ ಇದ್ದವರು ಹನಿಯೌಷಧದ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಮನೆಮನೆಗೂ, ಬಸ್ ನಿಲ್ದಾಣಗಳಿಗೂ ನಡೆದ ಲಕ್ಷಾಂತರ ಜನರು. ಮಗುವಿನ ಬೆರಳಿಗೆ ಶಾಯಿ ಹಚ್ಚಿ ಮುಂದಿನ ಬಾಗಿಲಿಗೆ ಹೋದ ಅವರ ಹೆಸರು ಯಾರಿಗೂ ತಿಳಿಯದು. ಕೇಡು ಕ್ಷಣದಲ್ಲಿ ಘಟಿಸುತ್ತದೆ. ಒಳಿತಿಗೆ ವರ್ಷಗಳು ಬೇಕು. ಆದುದರಿಂದಲೇ ಕೇಡಿನ ಸದ್ದು ದೊಡ್ಡದು.

ಅನರ್ಥದಂಡದ ಐದು ಭೇದಗಳಲ್ಲಿ ದುಃಶ್ರುತಿಯೂ ಒಂದು. ಮನಸ್ಸನ್ನು ಕಲುಷಗೊಳಿಸುವುದನ್ನು ನಿಷ್ಪ್ರಯೋಜನವಾಗಿ ಕೇಳುವುದೇ ದುಃಶ್ರುತಿ. ಕೊಲೆಯ ವಿವರವನ್ನು ಚಪ್ಪರಿಸಿ ಓದುವವನು ಹಿಂಸಾನಂದಿ ರೌದ್ರಧ್ಯಾನಕ್ಕೆ ದೂರದವನಲ್ಲ. ಹಾಗಾದರೆ ವಾರ್ತೆಗೆ ಕಿವಿ ಮುಚ್ಚಬೇಕೇ? ಅದೂ ಸಲ್ಲದು; ನೊಂದವರ ಸುದ್ದಿ ತಿಳಿಯದೆ ಕಾರುಣ್ಯ ಹುಟ್ಟದು. ತತ್ತ್ವಾರ್ಥಸೂತ್ರವು ಸಕಲ ಜೀವಿಗಳಲ್ಲಿ ಮೈತ್ರಿಯನ್ನೂ, ಗುಣಾಧಿಕರಲ್ಲಿ ಪ್ರಮೋದವನ್ನೂ, ಕ್ಲೇಶಪಡುವವರಲ್ಲಿ ಕಾರುಣ್ಯವನ್ನೂ, ಅವಿನೀತರಲ್ಲಿ ಮಾಧ್ಯಸ್ಥ್ಯವನ್ನೂ ವಿಧಿಸಿದೆ. ಅತಿ ದುಷ್ಟನ ವಿಷಯದಲ್ಲಿಯೂ ವಿಧಿಸಿರುವುದು ಮಾಧ್ಯಸ್ಥ್ಯ. ದ್ವೇಷವಲ್ಲ, ಹತಾಶೆಯೂ ಅಲ್ಲ.

ಅಭವ್ಯ ಜೀವಗಳಿವೆಯೆಂದು ಶಾಸ್ತ್ರವೇ ಹೇಳುವುದಲ್ಲವೇ ಎಂದು ಕೆಲವರು ಕೇಳಬಹುದು. ನಿಜ. ಆದರೆ ಅಭವ್ಯನಾರೆಂಬುದು ಕೇವಲಜ್ಞಾನಿಗೆ ಗೋಚರ, ಛದ್ಮಸ್ಥನಿಗಲ್ಲ. ಎದುರಿಗಿರುವವನು ಎಂದಿಗೂ ತಿದ್ದಿಕೊಳ್ಳಲಾರನೆಂದು ತೀರ್ಪು ಕೊಡುವವನು ತನಗಿಲ್ಲದ ಜ್ಞಾನವನ್ನು ತನ್ನದೆನ್ನುತ್ತಾನೆ. ಅದು ಮಾನಕಷಾಯ. ಅಹಿಂಸಾಣುವ್ರತಕ್ಕೆ ದೃಷ್ಟಾಂತನಾದ ಯಮಪಾಲನು ವೃತ್ತಿಯಿಂದ ಕೊಲೆಗಾರ. ಚತುರ್ದಶಿಯೊಂದು ದಿನ ಕೊಲ್ಲೆನೆಂಬ ಅಲ್ಪ ವ್ರತವನ್ನು ರಾಜಾಜ್ಞೆಯೆದುರಿಗೂ ಬಿಡಲಿಲ್ಲ. ಅಂದಿನ ವಾರ್ತೆಯಲ್ಲಿ ಅವನಿಗೆ ಕೊಲೆಗಾರನೆಂಬ ಹೆಸರಷ್ಟೇ ಸಿಗುತ್ತಿತ್ತು. ಪಂಚಮಕಾಲದ ಅಂತ್ಯದಲ್ಲಿಯೂ ಒಬ್ಬ ಮುನಿ, ಒಬ್ಬ ಆರ್ಯಿಕೆ, ಒಬ್ಬ ಶ್ರಾವಕ, ಒಬ್ಬ ಶ್ರಾವಿಕೆ ಉಳಿದಿರುವರೆಂದು ತಿಲೋಯಪಣ್ಣತ್ತಿ ಹೇಳುತ್ತದೆ. ಕಾಲದ ಮೇಲೆ ಹೊರೆ ಹೊರಿಸುವವರು ಇದನ್ನು ಮರೆಯಬಾರದು.

ಆಶೆಯನ್ನು ತುಂಬಲಾರದ ಗುಂಡಿಯೆಂದು ಗುಣಭದ್ರಾಚಾರ್ಯರು ಆತ್ಮಾನುಶಾಸನದಲ್ಲಿ ನಿಂದಿಸಿದ್ದಾರೆ. ಅದು ವಿಷಯಗಳ ಆಶೆ. ಜೀವನ ಸ್ವಭಾವ ಶುದ್ಧವೆಂಬ ನಂಬುಗೆ ಆಶೆಯಲ್ಲ, ಶ್ರದ್ಧೆ. ಲೋಕ ತನಗೆ ಒಳ್ಳೆಯದನ್ನು ಮಾಡೀತೆಂಬ ನಿರೀಕ್ಷೆ ಅದರಲ್ಲಿಲ್ಲ.

ಅಷ್ಟಮಿ ಚತುರ್ದಶಿಗಳಲ್ಲಿ ಅನ್ನವನ್ನು ಬಿಡುವ ಶ್ರಾವಕನು ಪೂಜೆ ಸ್ವಾಧ್ಯಾಯಗಳು ಮುಗಿಯುವವರೆಗೆ ವಾರ್ತೆಯನ್ನೂ ಬಿಡುವ ನಿಯಮ ತೊಡಲಿ. ಉಳಿದ ದಿನಗಳಲ್ಲಿ ದುಃಖದ ಸುದ್ದಿಯೊಂದನ್ನು ಓದಿದರೆ, ಔಷಧದಾನವೋ ಆಹಾರದಾನವೋ, ಶಕ್ತಿಯಿದ್ದಷ್ಟು ಮಾಡಲಿ. ಏನೂ ಮಾಡಲಾಗದಿದ್ದರೆ ನೆರೆಯವನನ್ನು ಶಂಕಿಸದೆ ಮಾತನಾಡಿಸಲಿ. ಉಪವಾಸದ ದಿನ ಹೊಟ್ಟೆ ಬರಿದಾಗಿ ಮನಸ್ಸು ದ್ವೇಷದಿಂದ ತುಂಬಿದ್ದರೆ, ಅದು ಲಂಘನವಾದೀತೇ ಹೊರತು ಉಪವಾಸವಾಗದು.