ಬಿಟ್ಟವನೋ, ಬಿಡಿಸಲ್ಪಟ್ಟವನೋ?

ಕನ್ನಡದಲ್ಲಿ 'ಬಿಟ್ಟನು' ಎಂಬುದಕ್ಕೂ 'ಬಿಡಿಸಿದನು' ಎಂಬುದಕ್ಕೂ ಕಿವಿಗೆ ಕೇಳುವ ಭೇದ ಅತ್ಯಲ್ಪ. ಅರ್ಥದಲ್ಲಿರುವ ಭೇದ ಅಪಾರ. ಒಂದರಲ್ಲಿ ಮಾಡಿದವನೂ ಮಾಡಲು ಕಾರಣನಾದವನೂ ಒಬ್ಬನೇ. ಇನ್ನೊಂದರಲ್ಲಿ ಇಬ್ಬರು ಬೇರೆ ಬೇರೆ. ಪಾಣಿನಿಯು ಕ್ರಿಯೆಯಲ್ಲಿ ಸ್ವತಂತ್ರನಾದವನನ್ನು ಕರ್ತೃವೆಂದು ಕರೆದುದಲ್ಲದೆ, ಆತನನ್ನು ಆ ಕ್ರಿಯೆಗೆ ಪ್ರೇರಿಸುವವನಿಗೆ ಹೇತುವೆಂದೂ ಕರ್ತೃವೆಂದೂ ಎರಡು ಹೆಸರುಗಳನ್ನು ಕೊಟ್ಟನು. ಪ್ರೇರಿತನಾದವನು ತನ್ನ ಕೈಯಿಂದಲೇ ಕೆಲಸವನ್ನು ಮಾಡಿದರೂ ಪ್ರೇರಿಸಿದವನು ಅದರ ಭಾರದಿಂದ ಪಾರಾಗುವುದಿಲ್ಲ. ವೈಯಾಕರಣರು ಬಹು ಹಿಂದೆಯೇ ಗುರುತಿಸಿದ ಈ ಸೂಕ್ಷ್ಮವು ಇತ್ತೀಚಿನ ಒಂದು ಲೌಕಿಕ ಪ್ರಶ್ನೆಯಲ್ಲಿ ಹೇಗೆ ಮರೆಯಾಯಿತು, ಮತ್ತೆ ಹೇಗೆ ಕಾಣಿಸಿಕೊಂಡಿತು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಆ ಪ್ರಶ್ನೆ ಇದು. ಒಂದು ಕಾರ್ಖಾನೆಯ ಯಜಮಾನನು ತನ್ನ ಕೆಲಸಗಾರರನ್ನು ಕುರಿತು, "ನಮ್ಮಲ್ಲಿ ಅಗತ್ಯಕ್ಕಿಂತ ಹೆಚ್ಚು ಜನರಿದ್ದಾರೆ. ತಾವಾಗಿ ಹೋಗಲು ಒಪ್ಪುವವರಿಗೆ ಇಷ್ಟು ಹಣವನ್ನು ಕೊಡುತ್ತೇವೆ, ಇಂಥ ದಿನದೊಳಗೆ ತಿಳಿಸಬೇಕು" ಎನ್ನುತ್ತಾನೆ. ಒಬ್ಬನು ಒಪ್ಪಿ ರುಜು ಹಾಕುತ್ತಾನೆ. ಆ ಬಳಿಕ ಬೇರೆ ಕೆಲಸವನ್ನು ಹುಡುಕುತ್ತಾನೆ, ಅದು ದೊರೆಯುವುದಿಲ್ಲ. ನಿರುದ್ಯೋಗ ವಿಮೆಯೆಂಬ ಏರ್ಪಾಟಿರುವ ದೇಶದಲ್ಲಿ ಆತನ ಹೆಸರಿನಲ್ಲಿ ಬಹುಕಾಲ ಕಂತು ಸಂದಿರುತ್ತದೆ. ಈಗ ಆತನು ಆ ನಿಧಿಯ ಬಾಗಿಲಿಗೆ ಹೋದರೆ, "ಕೆಲಸವನ್ನು ಕಳೆದುಕೊಂಡವರಿಗಾಗಿ ಈ ನಿಧಿ, ಬಿಟ್ಟುಬಂದವರಿಗಾಗಿ ಅಲ್ಲ" ಎಂಬ ಉತ್ತರ ಬರುತ್ತದೆ. ಆತನು ಕಳೆದುಕೊಂಡನೋ, ಬಿಟ್ಟುಬಂದನೋ?

ಈ ಉತ್ತರದ ಮೂಲವನ್ನು ಇಂಗ್ಲೆಂಡಿನಲ್ಲಿ ಕಾಣಬಹುದು. ಅಲ್ಲಿಯ ಪಾರ್ಲಿಮೆಂಟು 1911ರಲ್ಲಿ ರಾಷ್ಟ್ರೀಯ ವಿಮಾ ಕಾಯಿದೆಯನ್ನು ಮಾಡಿ, ಕಟ್ಟಡದ ಕೆಲಸ, ಹಡಗು ಕಟ್ಟುವಿಕೆ, ಯಂತ್ರನಿರ್ಮಾಣ ಮೊದಲಾದ ಕೆಲವು ಉದ್ಯೋಗಗಳ ಸುಮಾರು 22 ಲಕ್ಷ ಕೆಲಸಗಾರರಿಗೆ ನಿರುದ್ಯೋಗ ವಿಮೆಯನ್ನು ಏರ್ಪಡಿಸಿತು. ಕೆಲಸಗಾರನು ವಾರಕ್ಕೆ ಎರಡೂವರೆ ಪೆನ್ನಿ, ಯಜಮಾನನು ಅಷ್ಟೇ, ಸರಕಾರವು ಅವೆರಡರ ಮೊತ್ತದ ಮೂರನೆಯ ಒಂದು ಪಾಲು ಕೊಡಬೇಕು; ಕೆಲಸ ತಪ್ಪಿದಾಗ ವಾರಕ್ಕೆ ಏಳು ಷಿಲ್ಲಿಂಗಿನಂತೆ, ವರ್ಷದಲ್ಲಿ 15 ವಾರಗಳನ್ನು ಮೀರದಂತೆ, ಸಹಾಯ ದೊರೆಯುವುದು. ಆದರೆ ನಡತೆಗೆಟ್ಟು ಹೊರದೂಡಲ್ಪಟ್ಟವನಿಗೂ, ನ್ಯಾಯವಾದ ಕಾರಣವಿಲ್ಲದೆ ಸ್ವಇಚ್ಛೆಯಿಂದ ಕೆಲಸ ಬಿಟ್ಟವನಿಗೂ ಆರು ವಾರಗಳ ಕಾಲ ಈ ಸಹಾಯವಿಲ್ಲವೆಂದು ಕಾಯಿದೆಯು ವಿಧಿಸಿತು.

ಈ ನಿಯಮವನ್ನು ಕ್ರೂರವೆಂದು ತಳ್ಳಿಹಾಕಲಾಗದು. ತನ್ನ ಮನೆಗೆ ತಾನೇ ಬೆಂಕಿಯಿಟ್ಟವನಿಗೆ ಅಗ್ನಿವಿಮೆಯ ಹಣವನ್ನು ಯಾರೂ ಕೊಡುವುದಿಲ್ಲ. ನಿಧಿಯು ಒಬ್ಬನ ಸೊತ್ತಲ್ಲ. ಬೆವರು ಸುರಿಸುವ ಲಕ್ಷಾಂತರ ಜನರು ಕಾಸುಕಾಸಾಗಿ ಕೂಡಿಸಿದ್ದು. ಬೇಸರ ಬಂದೊಡನೆ ಕೆಲಸ ಬಿಟ್ಟು ಅದರಿಂದ ಉಣ್ಣುವವನು ಸರಕಾರದಿಂದಲ್ಲ, ನೆರೆಯವನ ತಟ್ಟೆಯಿಂದ ತೆಗೆದುಕೊಳ್ಳುತ್ತಾನೆ. ಆದರೂ ಆ ಕಾಯಿದೆಯು ರೂಪುಗೊಳ್ಳುತ್ತಿದ್ದ 1909ರಲ್ಲಿಯೇ, ಆಗ ವಾಣಿಜ್ಯ ಮಂಡಲಿಯ ಅಧ್ಯಕ್ಷರಾಗಿದ್ದ ವಿನ್‌ಸ್ಟನ್ ಚರ್ಚಿಲ್ಲರು ಬೇರೊಂದು ಅಭಿಪ್ರಾಯವನ್ನು ಬರೆದಿಟ್ಟಿದ್ದರು. ಕಂತು ಕೊಟ್ಟವನು ಕಂತಿನ ಬಲದಿಂದಲೇ ಸಹಾಯಕ್ಕೆ ಅರ್ಹನು. ಆತನು ಕುಡಿತದ ದೆಸೆಯಿಂದಲೇ ಕೆಲಸವನ್ನು ಕಳೆದುಕೊಂಡಿದ್ದರೂ ಸರಿಯೆ, ನೀತಿಯ ವಿಚಾರವನ್ನು ಲೆಕ್ಕದ ವಿಚಾರದೊಡನೆ ಬೆರೆಸುವುದು ತಮಗೆ ಒಪ್ಪಿಗೆಯಲ್ಲ ಎಂಬುದು ಅದರ ಭಾವ. ಆ ಮಾತು ಗೆಲ್ಲಲಿಲ್ಲ. ನೀತಿಯು ಲೆಕ್ಕದೊಳಕ್ಕೆ ಬಂದಿತು. ಹಾಗೆ ಬಂದ ಮೇಲೆ ಅದು ನಿಜವಾದ ನೀತಿಯಾಗಿರಬೇಕೆಂದು ನಾವು ಕೇಳುವುದು ತಪ್ಪಲ್ಲ.

ಬಹುಕಾಲದ ಮೇಲೆ ಅದರ ಪರೀಕ್ಷೆ ನಡೆಯಿತು. ನಿವೃತ್ತಿಯ ವಯಸ್ಸಿಗೆ ಇನ್ನೂ ಕೆಲವು ವರ್ಷಗಳಿದ್ದ ಇಂಗ್ಲೆಂಡಿನ ಒಬ್ಬ ಉಪಾಧ್ಯಾಯನು, ಉಪಾಧ್ಯಾಯರ ಸಂಖ್ಯೆಯನ್ನು ಇಳಿಸಬೇಕೆಂದು ವಿದ್ಯಾಧಿಕಾರಿಗಳು ಮಾಡಿದ್ದ ಏರ್ಪಾಟನ್ನು ಒಪ್ಪಿ ಅವಧಿಗೆ ಮುಂಚೆಯೇ ನಿವೃತ್ತನಾದನು. ಅನಂತರ ನಿರುದ್ಯೋಗ ಸಹಾಯವನ್ನು ಕೇಳಿದನು. ಆರು ವಾರಗಳ ನಿರಾಕರಣೆಯುಂಟಾಯಿತು. ವ್ಯಾಜ್ಯವು 1982ರಲ್ಲಿ ಅಪೀಲು ನ್ಯಾಯಾಲಯಕ್ಕೆ ಬಂದು, ಅಲ್ಲಿಯೂ ಆತನು ಸೋತನು. ನ್ಯಾಯಾಧೀಶರು ಆತನನ್ನು ದೂಷಿಸಲಿಲ್ಲ. ಆತನ ನಡತೆ ಯುಕ್ತವಾದುದೆಂದೇ ತಿಳಿದರು. ಆದರೆ ಯುಕ್ತವಾದ ಕಾರಣ ಬೇರೆ, ನ್ಯಾಯವಾದ ಕಾರಣ ಬೇರೆ. ತನಗೆ ಯುಕ್ತವಾಗಿ ತೋರಿದ ಮಾತ್ರದಿಂದ, ತನ್ನ ಭಾರವನ್ನು ಸಾಮಾನ್ಯ ನಿಧಿಯ ಮೇಲೆ ಹೊರಿಸುವುದು ಇತರರಿಗೆ ನ್ಯಾಯವಾಗುವುದಿಲ್ಲ ಎಂಬುದು ತೀರ್ಪಿನ ಸಾರ.

ಈ ವಿವೇಚನೆಯು ಗೌರವಕ್ಕೆ ಪಾತ್ರವಾದುದು. ನಮ್ಮ ಹಿತವನ್ನು ನಾವು ನೋಡಿಕೊಳ್ಳುವುದು ತಪ್ಪಲ್ಲದಿದ್ದರೂ ಅದರ ವೆಚ್ಚವನ್ನು ಪರರು ತೆರಬೇಕೆಂಬ ಹಕ್ಕು ಅದರಿಂದ ಹುಟ್ಟದು. ತತ್ತ್ವವು ಸರಿ. ತತ್ತ್ವವನ್ನು ಅನ್ವಯಿಸಿದ ಬಗೆಯನ್ನು ಕುರಿತು ಮಾತ್ರ ಎರಡು ಸಂದೇಹಗಳುಂಟು.

ಮೊದಲನೆಯದು ಇಚ್ಛೆಯ ವಿಷಯ. ಯವನ ದಾರ್ಶನಿಕನಾದ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ, ಬಿರುಗಾಳಿಗೆ ಸಿಕ್ಕ ಹಡಗಿನವರು ಸರಕನ್ನು ಸಮುದ್ರಕ್ಕೆ ಎಸೆಯುವ ದೃಷ್ಟಾಂತವನ್ನು ಹೇಳುತ್ತಾನೆ. ಆ ಗಳಿಗೆಯಲ್ಲಿ ಅವರು ಎಸೆಯಲು ಇಚ್ಛಿಸಿಯೇ ಎಸೆಯುತ್ತಾರೆ. ಆದರೆ ಬಿರುಗಾಳಿಯಿಲ್ಲದೆ ಬುದ್ಧಿಯುಳ್ಳ ಯಾರೂ ಹಾಗೆ ಮಾಡುವುದಿಲ್ಲ. ಆದಕಾರಣ ಅಂಥ ಕಾರ್ಯವನ್ನು ಆತನು ಮಿಶ್ರವೆಂದು ಕರೆದನು. ಯಜಮಾನನು ಮುಂದಿಟ್ಟ ಕಾಗದಕ್ಕೆ ರುಜು ಹಾಕುವವನ ಸ್ಥಿತಿಯೂ ಇಂಥದೇ. ಇಂದು ಒಪ್ಪಿದರೆ ಇಷ್ಟು ಹಣ. ಒಪ್ಪದಿದ್ದರೆ ನಾಳೆ ಬರಿಗೈಯಲ್ಲಿ ಹೋಗಬೇಕಾದೀತೆಂಬ ಭಯ. ಅತ್ತ ದರಿ, ಇತ್ತ ಹುಲಿ. ಆತನು ಆರಿಸಿಕೊಂಡದ್ದು ನಿಜ. ಆರಿಸಿಕೊಳ್ಳಬೇಕಾದ ಪ್ರಸಂಗವನ್ನು ಆತನು ತಂದುಕೊಂಡಿರಲಿಲ್ಲ. 'ಆರಿಸಿದವರು ಯಾರು' ಎಂಬುದು ಒಂದು ಪ್ರಶ್ನೆ, 'ಕಾರಣರಾದವರು ಯಾರು' ಎಂಬುದು ಇನ್ನೊಂದು. ಮೊದಲನೆಯದಕ್ಕೆ ದೊರೆತ ಉತ್ತರವನ್ನೇ ಎರಡನೆಯದಕ್ಕೂ ಕೊಡುವುದು ತರ್ಕದೋಷ.

ಎರಡನೆಯ ಸಂದೇಹವು ಲೆಕ್ಕದ್ದು. ಯಜಮಾನನು ನೂರು ಸ್ಥಾನಗಳನ್ನು ತೆಗೆದುಹಾಕಬೇಕೆಂದು ನಿಶ್ಚಯಿಸಿದ್ದಾನೆಂದು ಭಾವಿಸೋಣ. ನೂರು ಮಂದಿ ತಾವಾಗಿ ಎದ್ದರೆ ಆ ನೂರು ಮಂದಿ. ಎಪ್ಪತ್ತು ಮಂದಿ ಎದ್ದರೆ ಉಳಿದ ಮೂವತ್ತು ಮಂದಿಯನ್ನು ಎಬ್ಬಿಸಲಾಗುವುದು. ಯಾವ ರೀತಿಯಲ್ಲಿಯೂ ನಿಧಿಯ ಬಾಗಿಲಿಗೆ ಬರಬಹುದಾದವರು ನೂರೇ. ಹಾಗಾದಲ್ಲಿ ತಾನಾಗಿ ಎದ್ದವನು ನಿಧಿಯ ಮೇಲೆ ಯಾವ ಹೊಸ ಭಾರವನ್ನು ಹೊರಿಸಿದನು? ಇನ್ನೊಬ್ಬನು ಹೊರಿಸುತ್ತಿದ್ದ ಭಾರದ ಸ್ಥಾನದಲ್ಲಿ ತಾನು ನಿಂತನು, ಅಷ್ಟೆ. ಮಕ್ಕಳೊಂದಿಗನಾದ ಕಿರಿಯನೊಬ್ಬನು ಅದರಿಂದ ಉಳಿದಿರಲೂಬಹುದು. ಹೋದವನು ಪರೋಪಕಾರಕ್ಕಾಗಿಯೇ ಹೋದನೆಂದು ನಾನು ಹೇಳುತ್ತಿಲ್ಲ. ತನ್ನ ಅನುಕೂಲವನ್ನೇ ನೋಡಿದ್ದರೂ ಫಲವು ಅದೇ. ಇಂಥವನನ್ನು ದಂಡಿಸುವ ಕಾನೂನು, ಅಂಟಿಕೊಂಡಿರುವವನಿಗೆ ಬಹುಮಾನವನ್ನೂ ಜಾಗ ಬಿಟ್ಟವನಿಗೆ ಶಿಕ್ಷೆಯನ್ನೂ ಕೊಟ್ಟಂತಾಗುವುದು. ಆದರೆ ಬಿಟ್ಟ ಸ್ಥಾನಕ್ಕೆ ಮರುದಿನವೇ ಮತ್ತೊಬ್ಬನನ್ನು ತರುವುದಾದರೆ ಈ ವಾದವು ನಿಲ್ಲದು. ಅಲ್ಲಿ ಹೋದವನಿಂದಲೇ ಹೊಸ ಭಾರವುಂಟಾಗುತ್ತದೆ.

ಪಾರ್ಲಿಮೆಂಟು ಈ ಭೇದವನ್ನು ಮೂರು ವರ್ಷಗಳೊಳಗಾಗಿ ಅಂಗೀಕರಿಸಿತು. 1985ರ ಸಾಮಾಜಿಕ ಭದ್ರತೆಯ ಕಾಯಿದೆಯು, ಸ್ಥಾನವು ಅನಗತ್ಯವಾದ ಕಾರಣ ಕೆಲಸದಿಂದ ತೆಗೆಯಲ್ಪಟ್ಟವನು ಅದಕ್ಕೆ ತಾನೇ ಮುಂದೆ ಬಂದಿದ್ದರೂ ಒಪ್ಪಿದ್ದರೂ ಸ್ವಇಚ್ಛೆಯಿಂದ ಬಿಟ್ಟವನೆಂದು ಎಣಿಸತಕ್ಕದ್ದಲ್ಲವೆಂದು ವಿಧಿಸಿತು. ಅದು ಔದಾರ್ಯದ ಕಾಲವಾಗಿತ್ತೆಂದು ಭ್ರಮಿಸಬೇಕಾಗಿಲ್ಲ. ಸುಮ್ಮನೆ ಕೆಲಸ ಬಿಟ್ಟವರಿಗಿದ್ದ ಆರು ವಾರಗಳ ನಿರಾಕರಣೆಯನ್ನು 1986ರಲ್ಲಿ 13 ವಾರಗಳಿಗೂ 1988ರಲ್ಲಿ 26 ವಾರಗಳಿಗೂ ಏರಿಸಲಾಯಿತು. ಒಂದು ಕಡೆ ದಂಡವು ಬೆಳೆಯುತ್ತಿದ್ದಾಗಲೂ ಇನ್ನೊಂದು ಕಡೆ ಈ ವಿನಾಯಿತಿಯು ಅಳಿಯಲಿಲ್ಲ. ಇದು ಕನಿಕರದಿಂದಲ್ಲ, ವಿವೇಚನೆಯಿಂದ ಹುಟ್ಟಿದ್ದೆಂಬುದಕ್ಕೆ ಇದೇ ಸಾಕ್ಷಿ.

ಅಮೆರಿಕದಲ್ಲಿ 1935ರ ಕಾಯಿದೆಯ ತರುವಾಯ ನಿರುದ್ಯೋಗ ವಿಮೆಯು ಸಂಸ್ಥಾನ ಸಂಸ್ಥಾನಕ್ಕೂ ಬೇರೆಯಾಗಿ ಬೆಳೆಯಿತು. ಪೆನ್ಸಿಲ್ವೇನಿಯಾ ಸಂಸ್ಥಾನದ ಶಾಸನದಲ್ಲಿ, ಯಜಮಾನನ ಏರ್ಪಾಟಿನಂತೆ ಕೆಲಸದಿಂದ ಹೊರಗಾಗಲು ಒಪ್ಪಿದವನಿಗೆ ಸಹಾಯವನ್ನು ನಿರಾಕರಿಸಕೂಡದೆಂಬ ಮಾತಿತ್ತು. ಅದು ತಾತ್ಕಾಲಿಕ ವಿರಾಮಕ್ಕೆ ಮಾತ್ರ ಸಲ್ಲುವುದೆಂದು ಕೆಳಗಿನ ನ್ಯಾಯಾಲಯವು ಅರ್ಥಮಾಡುತ್ತಿತ್ತು. ಆ ಸಂಸ್ಥಾನದ ಸುಪ್ರೀಂ ಕೋರ್ಟು 2012ರಲ್ಲಿ, ಅವಧಿಗೆ ಮುಂಚಿನ ನಿವೃತ್ತಿಯ ಕೊಡುಗೆಯನ್ನು ಒಪ್ಪಿದವರಿಗೂ ಅದು ಸಲ್ಲುವುದೆಂದು ನಿರ್ಣಯಿಸಿತು. 2025ರ ಜನವರಿಯಲ್ಲಿ ಅಲ್ಲಿಯ ಕೇಂದ್ರ ಸರಕಾರವೇ ತನ್ನ ನೌಕರರಿಗೆ, ಕೆಲವು ತಿಂಗಳ ಸಂಬಳದೊಡನೆ ರಾಜೀನಾಮೆ ಕೊಡುವ ಅವಕಾಶವನ್ನು ಮುಂದಿಟ್ಟಾಗ, ಒಪ್ಪಿದವರ ಅರ್ಹತೆಯನ್ನು ಆಯಾ ಸಂಸ್ಥಾನದ ಕಾನೂನೇ ತೀರ್ಮಾನಿಸಬೇಕಾಯಿತು. ಒಂದೇ ಕಾಗದಕ್ಕೆ ರುಜು ಹಾಕಿದ ಇಬ್ಬರು, ಬೇರೆ ಬೇರೆ ಊರುಗಳಲ್ಲಿದ್ದ ಮಾತ್ರಕ್ಕೆ ಒಬ್ಬನು ಕಳೆದುಕೊಂಡವನೂ ಇನ್ನೊಬ್ಬನು ಬಿಟ್ಟವನೂ ಆಗಬಹುದಾದ ವಿಚಿತ್ರವಿದು.

ಇಲ್ಲಿ ಒಂದು ಆಕ್ಷೇಪವುಂಟು. ಇಡುಗಂಟನ್ನು ಪಡೆದವನಿಗೆ ಮತ್ತೆ ಸಹಾಯವೇಕೆ? ಒಂದೇ ನಷ್ಟಕ್ಕೆ ಎರಡು ಪರಿಹಾರವೇ? ಈ ಆಕ್ಷೇಪವು ಲಘುವಾದುದಲ್ಲ. ಆದರೆ ಆ ಹಣವು ಆತನು ಬಿಟ್ಟುಕೊಟ್ಟ ಹಕ್ಕುಗಳ ಬೆಲೆ. ನಿರುದ್ಯೋಗ ಸಹಾಯವು ಕಂತಿನ ಫಲ. ಎರಡೂ ಒಂದೇ ಕಾಲಕ್ಕೆ ಬೇಡವೆನಿಸಿದರೆ, ಇಂತಿಷ್ಟು ಹಣವು ಇಂತಿಷ್ಟು ವಾರಗಳ ಸಂಬಳಕ್ಕೆ ಸಮವೆಂದು ಎಣಿಸಿ ಸಹಾಯವನ್ನು ತಡವಾಗಿ ಆರಂಭಿಸಬಹುದು. ಅದು ಪ್ರಾಮಾಣಿಕವಾದ ಲೆಕ್ಕ. ಲೆಕ್ಕವನ್ನು ಮಾಡಲೊಲ್ಲದೆ, "ನೀನು ಬಿಟ್ಟುಬಂದವನು" ಎಂದು ಆತನ ಮೇಲೆ ದೋಷವನ್ನು ಹೊರಿಸುವುದು ಪ್ರಾಮಾಣಿಕವಲ್ಲ.

ನಮ್ಮ ದೇಶದಲ್ಲಿ ಈ ವಿಚಾರವು ಇನ್ನೂ ಶೈಶವದಲ್ಲಿದೆ. 1947ರ ಕೈಗಾರಿಕಾ ವಿವಾದಗಳ ಕಾಯಿದೆಯು 'ಉದ್ಯೋಗ ಕಡಿತ'ವನ್ನು, ಎಂದರೆ ಜನರನ್ನು ಕಡಿಮೆಮಾಡುವುದನ್ನು, ನಿರೂಪಿಸುವಾಗಲೇ ಸ್ವಯಂನಿವೃತ್ತಿಯನ್ನು ಅದರಿಂದ ಹೊರಗಿಟ್ಟಿತು. ನೌಕರರ ರಾಜ್ಯ ವಿಮಾ ನಿಗಮವು 2018ರಲ್ಲಿ ಆರಂಭಿಸಿದ ನಿರುದ್ಯೋಗ ಸಹಾಯದ ಯೋಜನೆಯೂ, ದುರ್ನಡತೆಗಾಗಿ ದಂಡಿತರಾದವರು, ವಯೋನಿವೃತ್ತರು ಇವರೊಡನೆ ಸ್ವಯಂನಿವೃತ್ತರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಸಹಾಯದಿಂದ ದೂರವಿಟ್ಟಿತು. ಸ್ವಯಂನಿವೃತ್ತಿಯೆಂಬ ಹೆಸರು ನಮ್ಮಲ್ಲಿ ಯಾವ ಬಗೆಯ ಪ್ರಸಂಗಕ್ಕೆ ಸಲ್ಲುತ್ತದೆಂಬುದನ್ನು ಬೆಂಗಳೂರು ತುಮಕೂರುಗಳ ಜನರು ಬಲ್ಲರು. 2016ರ ಜನವರಿಯಲ್ಲಿ ಎಚ್.ಎಂ.ಟಿ. ಗಡಿಯಾರ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಮಂತ್ರಿಮಂಡಲವು ಸಮ್ಮತಿಸಿದಾಗ ನೌಕರರಿಗೆ ದೊರೆತದ್ದು ಸ್ವಯಂನಿವೃತ್ತಿಯ ಕೊಡುಗೆಯೇ. ಮುಚ್ಚುವ ಕಾರ್ಖಾನೆಯಲ್ಲಿ ಒಲ್ಲೆನೆಂದವನಿಗೂ ಕೆಲಸವುಳಿಯುವುದಿಲ್ಲ. ಅಲ್ಲಿ 'ಸ್ವಯಂ' ಎಂಬ ಶಬ್ದಕ್ಕೆ ಎಷ್ಟು ಅರ್ಥವುಂಟು?

ಆದುದರಿಂದ ಕೇಳಬೇಕಾದುದು, ರುಜು ಹಾಕಿದವರು ಯಾರೆಂಬುದನ್ನಲ್ಲ. ಕೊಡುಗೆಯು ಯಾರ ಅಗತ್ಯದಿಂದ ಹುಟ್ಟಿತು? ಆತನು ಒಪ್ಪದಿದ್ದರೆ ಬೇರೊಬ್ಬನು ಹೋಗಬೇಕಾಗಿತ್ತೆ? ಆತನು ಬಿಟ್ಟ ಸ್ಥಾನವು ಉಳಿಯಿತೆ, ಅಳಿಯಿತೆ? ಅಗತ್ಯವು ಯಜಮಾನನದಾಗಿದ್ದು, ಒಬ್ಬರಲ್ಲ ಒಬ್ಬರು ಹೋಗಲೇಬೇಕಾಗಿದ್ದು, ಸ್ಥಾನವು ಅಳಿದಿದ್ದರೆ ಆತನು ಕೆಲಸವನ್ನು ಕಳೆದುಕೊಂಡವನೇ. ಕಾನೂನುಗಳು ಈ ಮಾತನ್ನು ಎಲ್ಲೆಡೆಯೂ ಒಪ್ಪುವ ವರೆಗೆ, ಮನೆಯ ಯಜಮಾನನೋ ಮಗನೋ ಮಗಳೋ ಇಂಥ ಕಾಗದವನ್ನು ತಂದಾಗ, ಹಣದ ಮೊತ್ತವನ್ನು ನೋಡುವುದಕ್ಕೆ ಮೊದಲು ಕಾರಣದ ಸಾಲನ್ನು ಓದುವುದು ಮೇಲು. ಸ್ಥಾನವನ್ನು ತೆಗೆದುಹಾಕಿರುವುದು ನಿಜವಾದರೆ ಅದನ್ನೇ ಅಲ್ಲಿ ಬರೆಯಬೇಕೆಂದು ಕೇಳುವ ಹಕ್ಕು ಪ್ರತಿಯೊಬ್ಬ ದುಡಿಯುವವನಿಗೂ ಇರತಕ್ಕದ್ದು.